ಕಾಡು ಬಿದ್ದ ತೋಟಕ್ಕೆ ಮೊದಲ ದುಡ್ಡು ಕಣಿಗೆ

ನೋಡಿಕೊಳ್ಳುವವರಿಲ್ಲದೆ ಐದಾರು ವರ್ಷ ಹಾಗೇ ಬಿಟ್ಟ ಅಡಿಕೆ ತೋಟಗಳು ಈಗ ನಮ್ಮ ದಕ್ಷಿಣ ಕನ್ನಡದ ಬೈಲುಗಳಲ್ಲಿ ಒಂದೆರಡಾದರೂ ಕಾಣಸಿಗುತ್ತವೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಪ್ರಾಯ ಆದವರು ಇಬ್ಬರೇ. ಅಥವಾ ಪಾಲು ಪಂಚಾತಿಕೆ ಮುಗಿಯದೆ ಯಾರೂ ಕೈ ಹಾಕದ್ದು. ಇಂಥ ತೋಟ ಕೈಗೆ ಬಂದವರಿಗೆ ಸಿಗುವ ಸಲಹೆ ಎರಡೇ. ಒಂದು, "ಗೊಬ್ಬರ ಹಾಕಿ, ಎಲ್ಲ ಸರಿಯಾಗ್ತದೆ." ಇನ್ನೊಂದು, "ಪೂರಾ ಕಡಿದು ಹೊಸತು ಮಾಡಿ, ಸಾಲ ಸಿಗ್ತದೆ."

ದುಡ್ಡಿದ್ದವರು ಎರಡನ್ನೂ ಮಾಡಬಹುದು. ಕೈಯಲ್ಲಿ ಮೂವತ್ತು ನಲವತ್ತು ಸಾವಿರ ಮಾತ್ರ ಇರುವವರಿಗೆ ಎರಡೂ ಸಲ್ಲದ ಮಾತು ಎಂದು ನನ್ನ ಅಭಿಪ್ರಾಯ. ಮೊದಲ ವರ್ಷದ ದುಡ್ಡು ಹೋಗಬೇಕಾದ್ದು ಕಣಿಗೆ. ಉಜಿರುಕಣಿ ಎನ್ನಿ, ಬಸಿಗಾಲುವೆ ಎನ್ನಿ, ಹೆಸರು ಯಾವುದಾದರೂ ಆಗಲಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವಂಥದ್ದು. ಬಿಟ್ಟ ತೋಟದಲ್ಲಿ ಮೊದಲು ಮುಚ್ಚುವುದು ಕಣಿ. ಕಣಿ ಮುಚ್ಚಿದ ಮೇಲೆ ಬೇರು ನಾಲ್ಕು ತಿಂಗಳು ನೀರಲ್ಲಿ ಕೂತಿರುತ್ತದೆ. ಉಸಿರು ಕಟ್ಟಿದ ಬೇರಿಗೆ ಗೊಬ್ಬರ ಕೊಟ್ಟರೆ ತಿನ್ನುವುದು ಯಾರು? ಅದು ನೀರಿನೊಟ್ಟಿಗೆ ತೋಡಿಗೆ ಹೋಗುತ್ತದೆ.

ಇದು ಪುಸ್ತಕ ಓದಿ ಹೇಳುವ ಮಾತಲ್ಲ. ನನ್ನ ಅಕ್ಕನದ್ದು ಒಂದು ಎಕ್ರೆ ತೋಟ. ಭಾವ ಹಾಸಿಗೆ ಹಿಡಿದು ಆರು ವರ್ಷ ಮಲಗಿದ್ದರು, ಆ ಆರು ವರ್ಷ ತೋಟಕ್ಕೆ ಕತ್ತಿ ಬಿದ್ದದ್ದು ಕೊಯ್ಲಿಗೆ ದಾರಿ ಮಾಡಲಿಕ್ಕೆ ಮಾತ್ರ. ಅವರು ತೀರಿಕೊಂಡ ಮೇಲೆ, 2020ರ ಆಟಿ ತಿಂಗಳಲ್ಲಿ ಅಕ್ಕ ನನ್ನನ್ನು ಕರೆದಳು. ಅವಳ ಹತ್ತಿರ ಇದ್ದದ್ದು 40 ಸಾವಿರ. ಆಸ್ಪತ್ರೆಯ ಸಾಲ ಬೇರೆ ಇತ್ತು. ಒಬ್ಬರು ತೋಟ ಕೊಳ್ಳಲು ಬಂದು ಕ್ರಯವನ್ನೂ ಹೇಳಿಹೋಗಿದ್ದರು. "ಇದು ಉಳಿಯುವ ತೋಟವಾ, ಮಾರುವ ತೋಟವಾ, ಅಷ್ಟು ಹೇಳು. ಸಮಾಧಾನಕ್ಕೆ ಏನೂ ಹೇಳಬೇಡ" ಎಂದಳು.

ಮೊದಲು ಮಾಡಿದ್ದು ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕ್ರೆಗೆ ಸುಮಾರು 540 ಮರ ಹಿಡಿಯುತ್ತದೆ. ಅಲ್ಲಿ ನಿಂತದ್ದು 395. ಗೊನೆ ಇದ್ದದ್ದು 236ರಲ್ಲಿ. ತಲೆ ಹೋಗಿ ಬೋಳು ಕಂಬವಾದದ್ದು 31. ಉಳಿದ 128 ಮರ ಬಡಕಲು, ಸೋಗೆ ಹಳದಿ, ಹಿಂಗಾರ ಇಲ್ಲ. ಲಾಕ್‌ಡೌನ್ ಎಂದು ಊರಿಗೆ ಬಂದಿದ್ದ ಅಕ್ಕನ ದೊಡ್ಡ ಮಗ ಸುಣ್ಣದ ಡಬ್ಬಿ ಹಿಡಿದು ಫಲ ಇರುವ ಮರಕ್ಕೆಲ್ಲ ಒಂದೊಂದು ಗೆರೆ ಎಳೆದ. ಖರ್ಚು ಅರ್ಧ ಕಿಲೋ ಸುಣ್ಣ. ಈ ಗೆರೆಯಿಂದ ಮುಂದೆ ಎಷ್ಟು ಉಳಿಯಿತು ಎಂದು ಕೆಳಗೆ ಹೇಳುತ್ತೇನೆ.

ಗೆರೆ ಎಳೆದು ಮುಗಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗೆರೆ ಇಲ್ಲದ ಮರಗಳು ತೋಟದಲ್ಲೆಲ್ಲ ಚದುರಿ ಇರಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಗುಂಪು, ತೋಡಿನ ಬದಿಯ ತಗ್ಗಿನಲ್ಲಿ ಒಂದು ಗುಂಪು. ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಸುತ್ತಿದರೆ ಅಲ್ಲೇ ನೀರು ನಿಂತದ್ದು. ಕಾಡು ಬಿದ್ದ ತೋಟವನ್ನು ನೋಡಲು ಬೇಸಗೆಯಲ್ಲಿ ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ಬೇಸಗೆಯಲ್ಲಿ ಎಲ್ಲ ತೋಟವೂ ಒಣಗಿಯೇ ಇರುತ್ತದೆ, ರೋಗ ಕಾಣುವುದು ಮಳೆಯಲ್ಲಿ.

ಹಳದಿ ಕಂಡ ಕೂಡಲೇ ಕೊಡಲಿ ಬೇಡ

ಆಗ ನೋಡಿದವರಲ್ಲಿ ಇಬ್ಬರು "ಇದು ಹಳದಿ ರೋಗ, ಕಡಿಯುವುದೇ ದಾರಿ" ಎಂದಿದ್ದರು. ಹೆದರಿಕೆ ಸುಳ್ಳಲ್ಲ. ಸಂಪಾಜೆ, ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಹೋಗಿದೆ, ಅದಕ್ಕೆ ಮದ್ದಿಲ್ಲ. ಆದರೆ ಸೋಗೆ ಹಳದಿಯಾಗುವುದಕ್ಕೆಲ್ಲ ಅದೇ ಕಾರಣವಲ್ಲ. ಆ ರೋಗ ಬಂದ ಮರದ ಅಡಿಕೆ ಕೊಯ್ದು ನೋಡಿದರೆ ಒಳಗಿನ ತಿರುಳು ಕಪ್ಪಾಗಿ ಕೆಟ್ಟಿರುತ್ತದೆ. ಅಕ್ಕನ ತೋಟದಲ್ಲಿ ಹಳದಿ ತಿರುಗಿದ್ದೂ ನಾಲ್ಕು ಕಾಯಿ ಹಿಡಿದಿದ್ದ ಮರಗಳ ಅಡಿಕೆ ಒಡೆದೆವು, ತಿರುಳು ಚೆನ್ನಾಗಿಯೇ ಇತ್ತು. ನೀರು ನಿಂತು ಹಳದಿಯಾದ ಮರ ಕಣಿ ತೆಗೆದರೆ ತಿರುಗಿ ಬರಬಹುದು. ಕಡಿದ ಮರ ತಿರುಗಿ ಬರುವುದಿಲ್ಲ. ಹಾಗಾಗಿ ಕಣಿ ಮೊದಲು, ಎರಡು ವರ್ಷ ಕಾಯುವುದು, ಆಮೇಲೆ ಕೊಡಲಿಯ ಮಾತು.

ಬೋಳಾದ 31 ಮರ ಮಾತ್ರ ಕೂಡಲೇ ತೆಗೆಸಿದೆವು. ಕೆಲವದರ ಬುಡದಲ್ಲಿ ಅಣಬೆ ಎದ್ದಿತ್ತು. ಅಣಬೆ ರೋಗ ನೀರು ಬಸಿಯದ, ಆರೈಕೆ ಇಲ್ಲದ ತೋಟಕ್ಕೇ ಬರುವುದು ಹೆಚ್ಚು. ಅಂಥ ಮರದ ಬುಡವನ್ನು ಕುತ್ತಿ ಸಮೇತ ಅಗೆದು ತೆಗೆಯದಿದ್ದರೆ ಪಕ್ಕದ ಮರಕ್ಕೆ ದಾಟುತ್ತದೆ. ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಣಿ ಕಡಿದು ಆ ಜಾಗವನ್ನು ಬೇರೆ ಮಾಡಿಬಿಡಬೇಕು.

ಕಣಿ ಕೆಳಗಿನಿಂದ ಮೇಲಕ್ಕೆ

ಒಂದು ಎಕ್ರೆಯಲ್ಲಿ ಎರಡು ಸಾಲಿಗೊಂದರಂತೆ ಕಣಿ ಎಂದರೆ ಸುಮಾರು 2,300 ಅಡಿ ಆಯಿತು. ತುಂಬಿದ ಹಳೇ ಕಣಿಯನ್ನು ಎರಡೂವರೆ ಅಡಿ ಆಳಕ್ಕೆ ತೆಗೆಯಲು ನಮ್ಮ ಮಣ್ಣಿನಲ್ಲಿ ಒಂದಾಳಿಗೆ ದಿನಕ್ಕೆ 40 ಅಡಿ ಸಾಗುತ್ತದೆ. ಪೂರಾ ತೆಗೆಸಿದರೆ 57 ಆಳು. ಆಗ ಆಳಿಗೆ 600 ರೂಪಾಯಿ, 34 ಸಾವಿರ ಅದಕ್ಕೇ ಬೇಕು. ಅಷ್ಟು ನಮ್ಮಿಂದಾಗುವುದಿಲ್ಲ. ಯಾವುದು ಮೊದಲು ಎಂದು ಆರಿಸಲೇಬೇಕಾಯಿತು.

ಮೊದಲು ತೋಡಿಗೆ ಸೇರುವ ಬಾಯಿ. ಕೆಳಗೆ ಬಾಯಿ ಕಟ್ಟಿದ್ದರೆ ಮೇಲೆ ಎಷ್ಟು ಅಗೆದರೂ ಕಣಿಯಲ್ಲಿ ನೀರು ನಿಲ್ಲುವುದೇ ಹೊರತು ಹರಿಯುವುದಿಲ್ಲ. ಎರಡನೆಯದು ಗುಡ್ಡದ ಬುಡದಲ್ಲಿ ಅಡ್ಡಕ್ಕೆ ಒಂದು ಕಣಿ. ಗುಡ್ಡದಿಂದ ಇಳಿಯುವ ನೀರು, ಒರತೆ ಎಲ್ಲ ತೋಟದೊಳಗೆ ನುಗ್ಗುವ ಮೊದಲೇ ಅದರಲ್ಲಿ ಬದಿಗೆ ಹೋಗಬೇಕು. ಈ ಒಂದು ಅಡ್ಡ ಕಣಿ ಒಳಗಿನ ನಾಲ್ಕು ಕಣಿಯ ಕೆಲಸ ಮಾಡುತ್ತದೆ, ಆದರೂ ಇದನ್ನು ಮಾಡಿಸುವವರು ಕಡಿಮೆ. ಮೂರನೆಯದು ತಗ್ಗಿನ ಭಾಗದ ಸಾಲುಗಳು. ಎತ್ತರದ ಭಾಗವನ್ನು ಮರುವರ್ಷಕ್ಕೆ ಬಿಟ್ಟೆವು. ಒಟ್ಟು 34 ಆಳು, 20,400 ರೂಪಾಯಿ.

ಕೆಲಸ ನಡೆದದ್ದು ಅಕ್ಟೋಬರ್ ನವೆಂಬರ್‌ನಲ್ಲಿ. ಆಗ ಮಣ್ಣು ಮೆದು. ಪತ್ತನಾಜೆಯ ಹೊತ್ತಿಗೆ ಎಂದು ಕೂತರೆ ಗುದ್ದಲಿ ಇಳಿಯುವುದಿಲ್ಲ, ಅದೇ ದುಡ್ಡಿಗೆ ಅರ್ಧ ಕಣಿ. ಹೊಸ ಗೆರೆಯಲ್ಲಿ ಅಗೆಯಬೇಡಿ, ಹಳೇ ಕಣಿಯ ಜಾಡು ಹುಡುಕಿ ಅದನ್ನೇ ತೆಗೆಯಿರಿ. ಬೇರು ಕಡಿಯುವುದು ಕಡಿಮೆಯಾಗುತ್ತದೆ. ಕಣಿಯಿಂದ ಬಂದ ಗೋಡು ಮಣ್ಣು ಹಲವು ವರ್ಷದ ಸೊಪ್ಪು ಸೋಗೆ ಕರಗಿದ್ದು. ಬೇರು ಎದ್ದು ಕಾಣುವ ಮರಗಳ ಬುಡಕ್ಕೆ ಅದನ್ನು ತೆಳ್ಳಗೆ ಹರಡಿಸಿದೆವು. ಯಂತ್ರ ತರಿಸಿದರೆ ಎರಡು ದಿನದಲ್ಲಿ ಮುಗಿಯುತ್ತದೆ ಎಂದವರೂ ಇದ್ದಾರೆ. ಖಾಲಿ ಜಾಗದಲ್ಲಿ ಆಗಬಹುದು. ನಿಂತ ಮರಗಳ ನಡುವೆ ಅದರ ಬಕೆಟ್ ತಿರುಗುವಾಗ ಬೇರು, ಕಾಂಡ ಎರಡೂ ಉಳಿಯುವುದಿಲ್ಲ. ಅಗಲ ಕಣಿಯ ದಂಡೆ ಮೊದಲ ಮಳೆಗೇ ಕುಸಿಯುವುದು ಬೇರೆ.

ಉಳಿದ ದುಡ್ಡಿನಲ್ಲಿ 9,600 ಕಾಡು ಸವರಲು ಹೋಯಿತು, 16 ಆಳು. ಇನ್ನು ಹತ್ತು ಸಾವಿರವನ್ನು ಮದ್ದಿಗೆಂದು ತೆಗೆದಿಟ್ಟೆವು. ಕೊಳೆರೋಗದ ಮದ್ದನ್ನು ಮಾತ್ರ ಬಿಡಬಾರದು. ಮುಂದಿನ ಖರ್ಚೆಲ್ಲ ಹುಟ್ಟಬೇಕಾದ್ದು ಆ 236 ಮರದಲ್ಲಿ, ಅದರ ಗೊನೆ ಮಳೆಗಾಲದಲ್ಲಿ ಉದುರಿದರೆ ಕಣಿ ಮಾಡಿಯೂ ಪ್ರಯೋಜನವಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ. ಗೊನೆ ಇಲ್ಲದ ಮರಕ್ಕೆ ಹತ್ತಿಸುವ ಕೂಲಿ ಇಲ್ಲ, ಸುಣ್ಣದ ಗೆರೆ ನೋಡಿ ಹತ್ತಿದರೆ ಸಾಕು.

ಕಾಡು ಸವರುವವರಿಗೆ ಒಂದು ಮಾತು. ಬಿಟ್ಟ ತೋಟವನ್ನು ಕಂಡಾಗ ಎಲ್ಲ ಬೋಳು ಮಾಡಿ ಬಿಸಿಲು ಕಾಣಿಸುವ ಹುಮ್ಮಸ್ಸು ಬರುವುದು ಸಹಜ. ತೋಟದ ಪಶ್ಚಿಮ, ನೈಋತ್ಯದ ಅಂಚಿನಲ್ಲಿ ಎದ್ದ ಮರಗಳಿಗೆ ಕೈ ಹಾಕಬೇಡಿ. ವರ್ಷಗಟ್ಟಲೆ ನೆರಳಲ್ಲಿದ್ದ ಅಡಿಕೆ ಮರದ ಕಾಂಡಕ್ಕೆ ಮಧ್ಯಾಹ್ನದ ಮೇಲಿನ ಬಿಸಿಲು ನೇರ ಹೊಡೆದರೆ ಸುಟ್ಟು ಸೀಳುತ್ತದೆ. ಮುಂದೆ ಗಾಳಿಗೆ ಮುರಿಯುವುದು ಅಲ್ಲಿಂದಲೇ. ಆ ಬದಿಯಲ್ಲಿ ಕೊಂಬೆ ಸವರಿಸಿ, ಬುಡ ಉಳಿಸಿ. ತೆರೆದುಕೊಂಡ ಮರಗಳಿದ್ದರೆ ಕಾಂಡಕ್ಕೆ ಹಾಳೆ ಕಟ್ಟಿ, ನೆರೆಯವರಲ್ಲಿ ಬಾಳೆ ಕಂದು ಕೇಳಿ ತಂದು ಅಂಚಿಗೆ ನೆಡಿ. ಬಾಳೆ ಕಂದಿಗೆ ನಮ್ಮಲ್ಲಿ ಈಗಲೂ ಯಾರೂ ದುಡ್ಡು ಕೇಳುವುದಿಲ್ಲ.

ಗೊಬ್ಬರದ ವಿಷಯಕ್ಕೆ ಬಂದದ್ದು ಎರಡನೆಯ ವರ್ಷ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ ಎಂಬ ಶಿಫಾರಸು ನಮಗೆಲ್ಲ ಗೊತ್ತಿದ್ದದ್ದೇ. ಯೂರಿಯಾ, ಶಿಲಾರಂಜಕ, ಪೊಟ್ಯಾಷ್ ಎಲ್ಲ ಸೇರಿ ಮರಕ್ಕೆ 650 ಗ್ರಾಂನಷ್ಟು ತೂಗುತ್ತದೆ. ನಾವು ಕೊಟ್ಟದ್ದು ಗೆರೆ ಇದ್ದ ಮರಕ್ಕೆ ಮಾತ್ರ. ಅಷ್ಟರಲ್ಲೇ ಎಂಬತ್ತು ಕಿಲೋಗೂ ಮಿಕ್ಕಿ ಉಳಿಯಿತು. ಸೊಪ್ಪಿಗೆ ಬೇರೆ ಖರ್ಚು ಮಾಡಲಿಲ್ಲ. ಹೆಕ್ಟೇರು ತೋಟದಿಂದ ವರ್ಷಕ್ಕೆ ಐದೂವರೆ ಆರು ಟನ್ ಕಸ ಸಿಗುತ್ತದೆಂದು ವಿಟ್ಲದ ಸಂಶೋಧನಾ ಕೇಂದ್ರದವರ ಲೆಕ್ಕ. ಎಕ್ರೆಗೆ ಎರಡು ಟನ್ನಿಗೂ ಮಿಕ್ಕಿ. ಇದನ್ನು ರಾಶಿ ಹಾಕಿ ಬೆಂಕಿ ಕೊಟ್ಟು, ಪೇಟೆಯಿಂದ ಚೀಲದ ಗೊಬ್ಬರ ತರುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಳೆಯನ್ನು ಅಕ್ಕ ತಟ್ಟೆ ಮಾಡುವವರಿಗೆ ಮಾರುತ್ತಾಳೆ, ಕೈಗೆ ಚಿಲ್ಲರೆ ಬರ್ತದೆ, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸೋಗೆ ಮಾತ್ರ ಬುಡ ಬಿಟ್ಟು ಹೋಗಬಾರದು ಎಂದಿದ್ದೇನೆ. ಬೇಲಿಯುದ್ದಕ್ಕೆ ಗ್ಲಿರಿಸಿಡಿಯಾ ಕೋಲು ಊರಿದ್ದೂ ಆ ವರ್ಷವೇ.

ಖಾಲಿ ಇದ್ದ ಜಾಗಕ್ಕೆ ಗಿಡ ಕೊಳ್ಳಲಿಲ್ಲ. ಮಧ್ಯ ಪ್ರಾಯದ, ತಲೆ ತುಂಬ ಸೋಗೆ ಇದ್ದು ಕಾಯಿ ಕಚ್ಚುವ ನಾಲ್ಕು ಮರ ಆರಿಸಿ, ಅದರ ಹಣ್ಣಡಿಕೆಯನ್ನು ನೀರಿಗೆ ಹಾಕಿದೆವು. ತೊಟ್ಟು ಮೇಲಾಗಿ ನೆಟ್ಟಗೆ ತೇಲುವಂಥದ್ದನ್ನೇ ಬೀಜಕ್ಕೆ ಇಡಬೇಕು, ಅದರ ಸಸಿ ಗಟ್ಟಿ. ಮರಳಿನಲ್ಲಿ ಮೊಳಕೆ, ಆಮೇಲೆ ತೊಟ್ಟೆಯಲ್ಲಿ ಒಂದೂವರೆ ವರ್ಷ. ತಡವಾಯಿತು ನಿಜ. ಆದರೆ ಕಣಿ ಸರಿಯಾಗುವ ಮೊದಲು ಗಿಡ ತಂದು ನೆಟ್ಟಿದ್ದರೆ ಅದೂ ಕೊಳೆಯುತ್ತಿತ್ತು.

ಪೂರಾ ಕಡಿದು ಹೊಸತು ಮಾಡುವವರು ಒಂದು ಲೆಕ್ಕ ಹಾಕಬೇಕು. ಹೊಸ ತೋಟ ಕೈಗೆ ಹತ್ತಲು ಐದಾರು ವರ್ಷ ಬೇಕು. ಅಷ್ಟು ವರ್ಷ ಸಾಲದ ಬಡ್ಡಿ, ಗಿಡದ ಆರೈಕೆ, ಮನೆ ಖರ್ಚು ಎಲ್ಲಿಂದ? ಬಡಕಲಾದರೂ 236 ಮರ ನಿಂತುಕೊಂಡು ಕಾಸು ಕೊಡುತ್ತಿದ್ದವು. ಇದು ಹಳದಿ ಎಲೆ ರೋಗದ ಊರಿನವರಿಗೆ ಹೊಂದುವ ಮಾತಲ್ಲ, ಅವರ ಕಷ್ಟ ಬೇರೆ. ನಾನು ಹೇಳುವುದು ಆರೈಕೆ ತಪ್ಪಿ ಕೆಟ್ಟ ತೋಟದ ಮಾತು.

ಆದದ್ದೇನು ಎಂದರೆ, 2020-21ರ ಕೊಯ್ಲಿನಲ್ಲಿ 2 ಕ್ವಿಂಟಾಲ್ 70 ಕಿಲೋ ಚಾಲಿ ಆಗಿತ್ತು. 2023-24ರಲ್ಲಿ 5 ಕ್ವಿಂಟಾಲ್ ಮೀರಿತು. 128 ಮರಗಳಲ್ಲಿ 71 ಹಿಂಗಾರ ಬಿಟ್ಟವು. 2021ರಲ್ಲಿ ಅಡಿಕೆ ಧಾರಣೆ ಚೆನ್ನಾಗಿ ಏರಿದ್ದು ಅಕ್ಕನ ಭಾಗ್ಯ, ಅದನ್ನು ಕಣಿಯ ಖಾತೆಗೆ ಸೇರಿಸುವುದಿಲ್ಲ. ಎತ್ತರದ ಭಾಗದ ಕಣಿಗೆ ಬೇಕಾದ ದುಡ್ಡು ತೋಟದಿಂದಲೇ ಹುಟ್ಟಿತು, ಆಸ್ಪತ್ರೆಯ ಸಾಲ ಇನ್ನು ಸ್ವಲ್ಪ ಬಾಕಿ ಇದೆ. ಕ್ರಯ ಹೇಳಿಹೋಗಿದ್ದವರು ಮತ್ತೆ ಬಂದಾಗ ಅಕ್ಕ ಚಾ ಕೊಟ್ಟು ಕಳಿಸಿದಳಂತೆ.

ಉಳಿದ 57 ಮರದ ವಿಷಯದಲ್ಲಿ ನಮ್ಮೊಳಗೆ ಒಮ್ಮತ ಆಗಿಲ್ಲ. ಕಾದದ್ದು ಸಾಕು, ವರ್ಷಕ್ಕೆ ಹದಿನೈದರಂತೆ ತೆಗೆದು ಸಸಿ ನೆಡುವ ಎಂದು ನಾನು. "ಫಲ ಇಲ್ಲದಿದ್ದರೆ ಏನು, ಕರಿಮೆಣಸಿನ ಬಳ್ಳಿ ಹತ್ತಿಸಲಿಕ್ಕೆ ಕಂಬ ಆಯ್ತಲ್ಲ" ಎಂದು ಅವಳು. ಹತ್ತು ಮರಕ್ಕೆ ಬಳ್ಳಿ ಈಗಾಗಲೇ ಹಚ್ಚಿಯೂ ಆಗಿದೆ.