ರಸ್ತೆಗೆ ತಕ್ಕ ಗಾಡಿಯೋ, ಗಾಡಿಗೆ ತಕ್ಕ ಗುಡ್ಡವೋ?

ಮಲೆನಾಡಿನ ಗ್ರಾಮಸಭೆಗಳಲ್ಲಿ ಪದೇ ಪದೇ ಕೇಳಿಬರುವ ಬೇಡಿಕೆಯೊಂದಿದೆ: ಊರಿನೊಳಕ್ಕೆ ದೊಡ್ಡ ಲಾರಿ ಬರುವಂತಾಗಬೇಕು, ಅದಕ್ಕಾಗಿ ರಸ್ತೆ ಅಗಲವಾಗಬೇಕು. ಬೇಡಿಕೆಯ ಹಿಂದಿರುವ ಕಷ್ಟ ಸುಳ್ಳಲ್ಲ. ಅಡಿಕೆ, ಕಾಫಿ, ಕಾಳುಮೆಣಸು ಪೇಟೆ ಸೇರಬೇಕು. ಗೊಬ್ಬರ, ಸಿಮೆಂಟು, ಹಂಚು ಊರು ಸೇರಬೇಕು. ಆದರೆ ರೋಗ ನಿಜವಾದ ಮಾತ್ರಕ್ಕೆ ಕೊಡುವ ಮದ್ದೂ ಸರಿಯಾಗಿರಬೇಕೆಂದಿಲ್ಲ. ಬೇಡಿಕೆ ಮಂಜೂರಾದ ಮರುದಿನವೇ ಜೆಸಿಬಿ ಬಂದು ಧರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಯುತ್ತದೆ. ಕಡಿದ ಮಣ್ಣು ಕೆಳಗಿನ ಹಳ್ಳಕ್ಕೆ ಬೀಳುತ್ತದೆ. ಚರಂಡಿಗೆ ಹಣ ಉಳಿದಿರುವುದಿಲ್ಲ. ಮಳೆ ಹಿಡಿದಾಗ ಮೇಲಿನ ಧರೆ ರಸ್ತೆಗೆ ಜಾರುತ್ತದೆ, ರಸ್ತೆಯ ಅಂಚು ಕೆಳಗಿನ ತೋಟಕ್ಕೆ ಜಾರುತ್ತದೆ. ಲಾರಿಗಾಗಿ ಮಾಡಿದ ರಸ್ತೆಯಲ್ಲಿ ಆಗ ಸೈಕಲ್ಲೂ ಹೋಗಲಾರದು.

ಇದು ಕೇವಲ ಭಯ ಹುಟ್ಟಿಸುವ ಮಾತಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿ–ಸಂಪಾಜೆ ದಾರಿ ಕಡಿದುಹೋಯಿತು. ಅದೇ ಮಳೆಗೆ ಶಿರಾಡಿ ಘಟ್ಟವೂ ಮುಚ್ಚಿತು. 2019ರಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಚತುಷ್ಪಥ ಹೆದ್ದಾರಿಯ ಪಕ್ಕದ ಗುಡ್ಡ ಕಳಚಿ ಬಿದ್ದು ಜನ ಸತ್ತರು. ಗಂಗಾವಳಿಯ ಪಾಲಾದ ಲಾರಿಯೊಂದು ಕೈಗೆ ಸಿಕ್ಕಿದ್ದು ಎರಡು ತಿಂಗಳ ನಂತರ. ಮಳೆ ಎಲ್ಲ ಕಾಲದಲ್ಲೂ ಸುರಿದಿದೆ. ಬುಡ ಕಡಿಸಿಕೊಂಡು ನಿಂತ ಗುಡ್ಡಗಳು ಮಾತ್ರ ಹಿಂದೆ ಇಷ್ಟೊಂದು ಇರಲಿಲ್ಲ.

ಹಾಗಾದರೆ ಸರಕು ಸಾಗುವುದು ಹೇಗೆ? ಉತ್ತರ ಅಂಗಳದಲ್ಲಿಯೇ ನಿಂತಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಸರಕು ವಾಹನಗಳು ಮಲೆನಾಡಿನ ಇಕ್ಕಟ್ಟಾದ ದಾರಿಗಳಿಗೂ ನುಗ್ಗಿದವು. ಅಂತಹ ಸಣ್ಣ ಪಿಕಪ್ಪಿನ ಹಿಂದೆ, ಅದರ ಶಕ್ತಿಗೆ ತಕ್ಕ ಎರಡು ಚಕ್ರದ ಟ್ರೇಲರನ್ನು ಕಟ್ಟಿದರೆ ಒಂದೇ ಸಲಕ್ಕೆ ಹೆಚ್ಚು ಸರಕು ಸಾಗುತ್ತದೆ. ಹೊರೆ ಮೂರು ಅಚ್ಚುಗಳಿಗೆ ಹಂಚಿಹೋಗುತ್ತದೆ. ತೋಟದಲ್ಲಿ ಟ್ರೇಲರನ್ನು ಬಿಚ್ಚಿಟ್ಟು ಸಾವಕಾಶವಾಗಿ ತುಂಬಿಸಬಹುದು. ಅಷ್ಟರಲ್ಲಿ ಪಿಕಪ್ಪು ಬೇರೆ ಕೆಲಸ ಮುಗಿಸಿ ಬರುತ್ತದೆ. ಇದೇನೂ ಹೊಸ ಕಲ್ಪನೆಯಲ್ಲ. ಎರಡನೆಯ ಮಹಾಯುದ್ಧದ ಜೀಪುಗಳ ಹಿಂದೆ ಕಾಲು ಟನ್ನಿನ ಟ್ರೇಲರುಗಳಿದ್ದವು. ಟಿಲ್ಲರಿನ ಹಿಂದಿನ ಟ್ರೇಲರನ್ನು ನೋಡದ ರೈತ ಮಲೆನಾಡಿನಲ್ಲಿ ಇಂದು ಸಿಗಲಾರ.

ಲೆಕ್ಕ ಏನು ಹೇಳುತ್ತದೆ?

ದೊಡ್ಡ ಲಾರಿಯ ಪರ ವಾದಿಸುವವರು ಬಾಡಿಗೆಯ ಲೆಕ್ಕ ಮುಂದಿಡುತ್ತಾರೆ: ಹತ್ತು ಟನ್ನಿಗೆ ಲಾರಿಯಾದರೆ ಒಂದು ಸಲ, ಪಿಕಪ್ಪಾದರೆ ಏಳೆಂಟು ಸಲ. ಡೀಸೆಲ್ಲೂ ಚಾಲಕನ ಸಂಬಳವೂ ಹೆಚ್ಚು. ಈ ಮಾತು ಒಪ್ಪತಕ್ಕದ್ದೇ. ಆದರೆ ಲೆಕ್ಕದ ಇನ್ನೊಂದು ಪುಟವನ್ನು ಯಾರೂ ತೆರೆಯುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಒಂದು ಸ್ಥೂಲ ನಿಯಮ ಹೊರಬಿತ್ತು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಹದಿನಾರು ಪಟ್ಟಾಗುತ್ತದೆ, ಭಾರ ಹತ್ತು ಪಟ್ಟಾದರೆ ಹಾನಿ ಹತ್ತು ಸಾವಿರ ಪಟ್ಟು. ಇದೇ ನಿಯಮದಂತೆ ಲೆಕ್ಕ ಹಾಕಿದರೆ, ಪ್ರತಿ ಅಚ್ಚಿನ ಭಾರ ಒಂದೂವರೆ ಟನ್ ಮೀರದ ಪಿಕಪ್ ಮತ್ತು ಟ್ರೇಲರ್ ಎಂಟು ಸಲ ಓಡಾಡಿದರೂ, ತುಂಬಿದ ಲಾರಿ ಒಮ್ಮೆ ಹೋದಾಗ ಆಗುವ ಹಾನಿಯ ನೂರರಲ್ಲೊಂದು ಪಾಲೂ ಆಗದು.

2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಮೇಲೆ ಹೇರಬಹುದಾದ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕಾಗದದ ಮೇಲೆ ಇದು ಸಣ್ಣ ಏರಿಕೆ. ಮೇಲಿನ ನಿಯಮದ ಪ್ರಕಾರ ಹಾನಿಯ ಏರಿಕೆ ಸುಮಾರು ಶೇಕಡಾ 60. ಸಾಗಣೆಯ ಉಳಿತಾಯ ವ್ಯಾಪಾರಿಯ ಜೇಬಿಗೆ ಹೋಯಿತು. ಒಡೆದ ಮೋರಿಯನ್ನು ಕಟ್ಟುವ ಖರ್ಚು ಪಂಚಾಯತಿಯ ತಲೆಗೆ ಬಂತು. ಕುಸಿದ ಧರೆಯ ಕೆಳಗೆ ಹೂತುಹೋದ ತೋಟದ ಬೆಲೆಯಂತೂ ಯಾವ ಬಾಡಿಗೆ ಚೀಟಿಯಲ್ಲೂ ಬರೆದಿಲ್ಲ.

ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ

ಸಣ್ಣ ಗಾಡಿಯ ಪರವಾಗಿ ಇಷ್ಟು ಹೇಳಿದ ಮೇಲೆ, ಊರಿನವರು ಕೇಳಲು ಇಷ್ಟಪಡದ ಮಾತನ್ನೂ ಹೇಳಲೇಬೇಕು. ಸಣ್ಣದೆಂಬ ಕಾರಣಕ್ಕೆ ಯಾವ ಗಾಡಿಯೂ ನಿರಪಾಯಕಾರಿಯಾಗುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಅಂದಾಜಿಗೆ ಬೆಸೆದ ಕೊಂಡಿ, ಬ್ರೇಕಿಲ್ಲದ ಚಕ್ರ, ದೀಪವಿಲ್ಲದ ಹಿಂಬದಿ, ಚೀಲಗಳ ಮೇಲೆ ಕುಳಿತ ಕೂಲಿಯಾಳುಗಳು: ಇದು ಸರಳ ಜೀವನವಲ್ಲ, ಸಾವಿನೊಡನೆ ಚೌಕಾಸಿ.

ಏರು ದಾರಿಯಲ್ಲಿ ಟ್ರೇಲರು ಎಂಜಿನ್ನಿಗಷ್ಟೇ ಭಾರ. ಇಳಿಜಾರಿನಲ್ಲಿ ಅದು ಪಿಕಪ್ಪನ್ನು ಹಿಂದಿನಿಂದ ದೂಡುತ್ತದೆ. ಒಂದು ಟನ್ ಹೊರೆ 500 ಮೀಟರ್ ಎತ್ತರದಿಂದ ಘಟ್ಟ ಇಳಿದಾಗ ಹೊಮ್ಮುವ ಶಕ್ತಿ ಹದಿನೈದು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಚಾಲಕ ಕೆಳಗಿನ ಗೇರಿನಲ್ಲಿ ಎಂಜಿನ್ನಿನಿಂದ ತಡೆಯದೆ ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಆ ಶಾಖವೆಲ್ಲ ಬ್ರೇಕಿಗೆ ಹೋಗುತ್ತದೆ. ಕಾದ ಬ್ರೇಕು ಹಿಡಿಯುವುದಿಲ್ಲ. ಒದ್ದೆಯಾದ ತಿರುವಿನಲ್ಲಿ ಪಿಕಪ್ಪು ಮಾತ್ರ ಬ್ರೇಕು ಹಿಡಿದು ಟ್ರೇಲರು ಹಿಡಿಯದಿದ್ದರೆ, ಎರಡೂ ಕತ್ತರಿಯಂತೆ ಮಡಚಿಕೊಂಡು ಕಂದಕದ ಕಡೆ ಹೊರಳುತ್ತವೆ.

ಹೊರೆ ತುಂಬುವ ಕ್ರಮದಲ್ಲಿಯೂ ಜೀವ ಅಡಗಿದೆ. ತುಂಬಿದ ಟ್ರೇಲರಿನ ತೂಕದ ಸುಮಾರು ಹತ್ತನೆಯ ಒಂದು ಭಾಗ ಕೊಂಡಿಯ ಮೇಲೆ ಕೂರುವಂತೆ ಭಾರವಾದ ಚೀಲಗಳು ಅಚ್ಚಿಗಿಂತ ತುಸು ಮುಂದಿರಬೇಕು. ಹಿಂದೆ ಭಾರವಾದರೆ ಟ್ರೇಲರು ಎಡಬಲಕ್ಕೆ ಬಾಲ ಬೀಸತೊಡಗುತ್ತದೆ. ವೇಗ ಹೆಚ್ಚಿದಷ್ಟೂ ಅದನ್ನು ಹತೋಟಿಗೆ ತರುವುದು ಕಷ್ಟ. ಕೊಂಡಿ ಕಳಚಿದರೂ ಟ್ರೇಲರು ಬಿಟ್ಟುಹೋಗದಂತೆ ಅಡ್ಡಹಾಯುವ ಎರಡು ಸರಪಳಿಗಳಿರಬೇಕು. ಎಷ್ಟು ತೂಕ ಎಳೆಯಬಹುದೆಂಬುದನ್ನು ವಾಹನದ ಕೈಪಿಡಿಯಲ್ಲಿ ನೋಡಬೇಕು. ಕೈಪಿಡಿ ಅನುಮತಿಸದಿದ್ದರೆ ಆ ಪಿಕಪ್ಪಿಗೆ ಟ್ರೇಲರು ಕಟ್ಟಬಾರದು. ಬರೀ ಪಿಕಪ್ಪಿನಲ್ಲಿ ಎರಡು ಸಲ ಹೋಗಿಬರುವುದೇ ಆಗ ಬುದ್ಧಿವಂತಿಕೆ. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನು ಸ್ವತಂತ್ರ ವಾಹನವೆಂದೇ ಗುರುತಿಸುತ್ತದೆ. ನೋಂದಣಿಯಿಲ್ಲದೆ ರಸ್ತೆಗಿಳಿಸುವುದು ತಪ್ಪು. ಅದರಲ್ಲಿ ಮನುಷ್ಯರನ್ನು ಸಾಗಿಸುವುದು ಕಾಯ್ದೆಗಿಂತಲೂ ಮೊದಲು ಮನುಷ್ಯತ್ವಕ್ಕೆ ವಿರುದ್ಧ. ಬೆಳಿಗ್ಗೆ ಕೆಲಸಕ್ಕೆ ಹೋದ ಹೆಂಗಸರು ಸಂಜೆ ಮನೆ ಸೇರಬೇಕಾದರೆ ತೋಟದ ಯಜಮಾನರು ಸೀಟುಗಳಿರುವ ವಾಹನವನ್ನೇ ಕಳಿಸಬೇಕು.

ರೋಗಿಯನ್ನು ಸಾಗಿಸಲು, ಮಕ್ಕಳು ಶಾಲೆಗೆ ಹೋಗಲು ಅಗಲ ರಸ್ತೆ ಬೇಡವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆಂಬುಲೆನ್ಸಿಗೆ ಬೇಕಾದುದು ಗುಂಡಿಯಿಲ್ಲದ ರಸ್ತೆ, ಮಳೆಗಾಲದಲ್ಲಿ ನಿಲ್ಲುವ ಮೋರಿ, ಎದುರಿನ ವಾಹನಕ್ಕೆ ದಾರಿ ಬಿಡಲು ಅಲ್ಲಲ್ಲಿ ಒಂದಿಷ್ಟು ಜಾಗ. ಇವ್ಯಾವುದಕ್ಕೂ ಇಡೀ ಗುಡ್ಡದ ಬುಡ ಕಡಿಯಬೇಕಾಗಿಲ್ಲ. ಚಾರ್ಮಾಡಿ ಕುಸಿದ ಮೇಲೆ ದಾರಿ ಮೊದಲು ತೆರೆದದ್ದು ಲಘು ವಾಹನಗಳಿಗೆ. ಗುಡ್ಡ ಯಾರನ್ನು ತಾಳಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮುಂದಿನ ಗ್ರಾಮಸಭೆಯಲ್ಲಿ ರಸ್ತೆಯ ವಿಷಯ ಬಂದಾಗ ಊರಿನವರು, ವಿಶೇಷವಾಗಿ ಓದುತ್ತಿರುವ ಹುಡುಗ ಹುಡುಗಿಯರು, ಎದ್ದು ನಿಂತು ಕೆಲವು ಪ್ರಶ್ನೆ ಕೇಳಬೇಕು. ಈ ದಾರಿಯಲ್ಲಿ ವರ್ಷಕ್ಕೆ ಎಷ್ಟು ದಿನ ಲಾರಿಯ ಹೊರೆಯಷ್ಟು ಸರಕಿರುತ್ತದೆ? ಕಡಿಯುವ ಧರೆಯ ಎತ್ತರವೆಷ್ಟು, ಮೇಲಿನ ನೀರು ಎಲ್ಲಿಗೆ ಹೋಗುತ್ತದೆ, ತೆಗೆದ ಮಣ್ಣನ್ನು ಎಲ್ಲಿ ಹಾಕುತ್ತಾರೆ? ಅದೇ ಹಣದಲ್ಲಿ ಚರಂಡಿಯನ್ನೂ ಮೋರಿಯನ್ನೂ ಸರಿಪಡಿಸಿ, ಸಹಕಾರ ಸಂಘದ ಮೂಲಕ ಬ್ರೇಕಿರುವ, ನೋಂದಣಿಯಾದ ಒಂದೆರಡು ಟ್ರೇಲರುಗಳನ್ನೂ ಅವನ್ನು ಎಳೆಯಬಲ್ಲ ಪಿಕಪ್ಪನ್ನೂ ಬಾಡಿಗೆಗೆ ಇಡಲಾಗದೇ? ಉತ್ತರಗಳು ನಡಾವಳಿ ಪುಸ್ತಕದಲ್ಲಿ ಬರಹದಲ್ಲಿ ದಾಖಲಾಗುವವರೆಗೆ ಜೆಸಿಬಿ ಊರಿನ ಗಡಿ ದಾಟಬಾರದು.