ಕಂಬ ತಿರುಗಿಸಿದ್ದು ಯಾರು?

ಹಳೇಬೀಡಿನ ಕಂಬಗಳ ರೀಲ್ ಒಂದು ಸೆಮಿಸ್ಟರ್‌ಗೆ ಒಮ್ಮೆಯಾದರೂ ನಮ್ಮ ಕ್ಲಾಸ್ ಗ್ರೂಪಿಗೆ ಬಂದು ಬೀಳುತ್ತೆ. ಹಿಂದೆ ಭಾರೀ ಮ್ಯೂಸಿಕ್ಕು, 900 ವರ್ಷದ ಹಿಂದೆಯೇ ಸಿಎನ್‌ಸಿ ಇತ್ತಾ ಅನ್ನೋ ಪ್ರಶ್ನೆ, ಕೆಳಗೆ ಬೆಂಕಿ ಇಮೋಜಿಗಳ ಸಾಲು. ಇಂಜಿನಿಯರಿಂಗ್ ಓದುವ ನಾವು ಇದಕ್ಕೆ ಲೈಕ್ ಒತ್ತಿ ಸುಮ್ಮನಾಗಬಾರದು. ಉತ್ತರ ನಮ್ಮ ಮಷಿನ್ ಶಾಪ್‌ನಲ್ಲೇ ಬಿದ್ದಿದೆ.

ಲೇತ್‌ನಲ್ಲಿ ದುಂಡಗೆ ಮಾಡೋದು ಕಷ್ಟವಲ್ಲ. ವಸ್ತು ಒಂದು ಸ್ಥಿರ ಅಕ್ಷದ ಮೇಲೆ ತಿರುಗುತ್ತಿದ್ದು, ಉಳಿ ಅಲುಗಾಡದೆ ನಿಂತರೆ ಕೊರೆದ ಪ್ರತಿ ಗೀರೂ ತಾನಾಗಿಯೇ ವೃತ್ತವಾಗುತ್ತೆ. ಚನ್ನಪಟ್ಟಣದ ಗೊಂಬೆ ಆಗೋದೂ ಹೀಗೇ. ಕಷ್ಟ ಶುರುವಾಗೋದು ಜಾಬ್ ಬಿಚ್ಚಿ ಮತ್ತೆ ಚಕ್‌ಗೆ ಕಟ್ಟಿದಾಗ. ಮೊದಲಿನ ಅಕ್ಷ ಹೋಯಿತು, ರನ್‌ಔಟ್ ಬಂತು (ಕ್ರಿಕೆಟ್ಟಿನದಲ್ಲ, ಆದರೂ ನೋವು ಅಷ್ಟೇ).

ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ಹುಡುಗರು ರಾತ್ರಿಯೆಲ್ಲಾ ನೋಡುವ ಬಂದೂಕಿನ ವಿಡಿಯೋಗಳಲ್ಲೇ ಇದೆ. ರೈಫಲ್ ನಳಿಗೆಯ ತುದಿಗೆ ಮಝಲ್ ಬ್ರೇಕ್ ಅಂತ ಒಂದು ಭಾಗ ಕೂರಿಸುತ್ತಾರೆ. ಗುಂಡಿನ ಹಿಂದೆ ನುಗ್ಗುವ ಅನಿಲವನ್ನು ಪಕ್ಕಕ್ಕೆ ಬಿಟ್ಟು ಹಿನ್ನೊದೆತ ಕಡಿಮೆ ಮಾಡೋದು ಅದರ ಕೆಲಸ. ನಳಿಗೆಯ ಹೊರಮೈ ಮತ್ತು ಒಳರಂಧ್ರ ಒಂದೇ ಅಕ್ಷದಲ್ಲಿರುತ್ತವೆ ಅನ್ನೋ ಭರವಸೆ ಇಲ್ಲ. ಹೊರಮೈ ನಂಬಿ ಥ್ರೆಡ್ ಹಾಕಿದರೆ ಬ್ರೇಕ್ ಕೂದಲೆಳೆಯಷ್ಟು ವಾರೆಯಾಗಿ ಕೂತು ಗುಂಡು ಅದರ ಅಂಚಿಗೆ ತಾಗಬಹುದು. ಅದಕ್ಕೇ ಡಯಲ್ ಗೇಜ್ ಇಟ್ಟು ಒಳರಂಧ್ರದ ಅಕ್ಷವನ್ನೇ ಹಿಡಿದು ಆಮೇಲೆ ಥ್ರೆಡ್ ಹಾಕೋದು. ಇದನ್ನು ನೋಡಿ 'ಏನ್ ಪ್ರಿಸಿಷನ್ ಗುರು' ಅನ್ನುವವರು ಬೇಲೂರಿನ ಕಂಬಕ್ಕೆ ಒರಗಿ ಸೆಲ್ಫಿ ತಗೊಂಡು ಬರ್ತಾರೆ.

ಹೊಯ್ಸಳರ ತಿರುಗಣಿ ಕಂಬಕ್ಕೂ ಇದೇ ಲೆಕ್ಕ. ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ತಿರುಗಿಸುತ್ತಾ ಉಳಿ ಹಿಡಿದು ಕಡೆದರು ಅನ್ನೋದು ಹಲವು ವಿದ್ವಾಂಸರ ಅಭಿಪ್ರಾಯ. ಬಳಪದ ಕಲ್ಲು ಮೆದು, ಉಳಿಗೆ ಸುಲಭವಾಗಿ ಬಗ್ಗುತ್ತೆ. ಒಂದೇ ಸೆಟ್ಟಿಂಗ್‌ನಲ್ಲಿ ಕಡೆದರೆ ಗಂಟೆಯಾಕಾರದ ಭಾಗ, ಅದರ ಮೇಲಿನ ಕತ್ತು, ಬಳೆಗಳು ಎಲ್ಲಕ್ಕೂ ಅಕ್ಷ ಒಂದೇ. ಇದಕ್ಕೆ ಕಂಪ್ಯೂಟರ್ ಬೇಡ. ಬೇಕಾದದ್ದು ಆಳೆತ್ತರದ ಕಲ್ಲು ತಿರುಗುವಾಗ ತೊನೆಯದಂತೆ ಹಿಡಿದಿಡುವ ಉಪಾಯ. ನಮ್ಮ ಪ್ರಕಾರ ಬೆರಗು ಇರೋದು ಅಲ್ಲಿ, ದುಂಡಗಿರೋದರಲ್ಲಿ ಅಲ್ಲ.

ಇನ್ನೂ ಒಂದು ಮಾತು. ಬೇಲೂರಿನ ಅದೇ ಮಂಟಪದಲ್ಲಿ ನಕ್ಷತ್ರಾಕಾರದ ಕಂಬಗಳೂ ಇವೆ. ಮೂಲೆ ಮೂಲೆಯಾದ ಆ ಅಂಚನ್ನು ಯಾವ ತಿರುಗಣಿಯೂ ಕಡೆಯಲಾರದು. ಅಳತೆ ಹಾಕಿ ಕೈಯಿಂದಲೇ ಕೆತ್ತಬೇಕು. ರೀಲ್ ಮಾಡಿದವರ ಕ್ಯಾಮೆರಾ ಅತ್ತ ಯಾಕೆ ತಿರುಗಲ್ಲವೋ!

ಇಷ್ಟು ಗಂಟು ಕಟ್ಟಿಕೊಂಡು ವಾದ ಮಾಡೋಕೆ ಕಾರಣ ಇದೆ. 1117ರ ಬೇಲೂರಿನ ಗುಡಿಯಲ್ಲಿ ಕೆಲಸ ಮಾಡಿದವರು ಹೆಸರಿಲ್ಲದವರಲ್ಲ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಕನ್ನಡದಲ್ಲೇ. ಯಾವುದೋ ಕಳೆದುಹೋದ ಯಂತ್ರಕ್ಕೆ ಕ್ರೆಡಿಟ್ ಕೊಟ್ಟರೆ ಆ ಹೆಸರನ್ನು ನಾವೇ ಅಳಿಸಿದಂತೆ. ಹೊಗಳ್ತಾ ಇದೀವಿ ಅಂತ ಅಂದ್ಕೊಂಡು ಕೈಕೆಲಸದವನಿಗೆ ಇಷ್ಟು ಬುದ್ಧಿ ಇರೋಕೆ ಸಾಧ್ಯವಿಲ್ಲ ಅಂತಲೇ ಹೇಳ್ತಿರ್ತೀವಿ. ಕ್ಯಾಡ್‌ನಲ್ಲಿ 'ಕಾನ್ಸೆಂಟ್ರಿಕ್' ಅಂತ ಒಂದು ಕ್ಲಿಕ್ ಮಾಡಿ ಎದ್ದು ಹೋಗುವ ನಮಗೆ ಈ ಅಹಂಕಾರ ಬೇಗ ಹತ್ತುತ್ತೆ.

ಹಾಗಾದರೆ ಮಾಡೋದೇನು? ಅಳೆಯೋಣ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅಲ್ಲಿಗೆ ಜನ ಹೇಗೂ ಹೋಗ್ತಾರೆ. ಆ ಪಟ್ಟಿಯಲ್ಲಿಲ್ಲದ ಅರಸೀಕೆರೆಯ ಶಿವಾಲಯದಿಂದ ನಾವು ಶುರು ಮಾಡಬಹುದು. ಸುಮಾರು 1220ರದ್ದು, 16 ಮೂಲೆಯ ನಕ್ಷತ್ರದಂತಿರುವ ತೆರೆದ ಮಂಟಪ ಅದರದ್ದು. ಅರಸೀಕೆರೆ ಜಂಕ್ಷನ್‌ನಲ್ಲಿ ಟ್ರೇನ್ ಬದಲಿಸಿ ಊರಿಗೆ ಹೋಗುವ ನಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೀವಿ?

ಕಂಬ ಮುಟ್ಟೋದು, ತಟ್ಟಿ ಸದ್ದು ಕೇಳೋದು ಬೇಡ. ಪುರಾತತ್ವ ಇಲಾಖೆಯ ಅನುಮತಿ ಪಡೆದು, ಒಂದೊಂದು ಕಂಬದ ಸುತ್ತ ಫೋಟೋ ತೆಗೆದು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಮೂರು ಆಯಾಮದ ಮಾದರಿ ಮಾಡಬಹುದು. ಐದು ಎತ್ತರಗಳಲ್ಲಿ ವೃತ್ತದ ಕೇಂದ್ರ ಎಲ್ಲೆಲ್ಲಿ ಬೀಳುತ್ತೆ ಅಂತ ಗುರುತಿಸಿದರೆ ಅಕ್ಷ ಎಷ್ಟು ವಾರೆ ಅನ್ನೋದು ಗ್ರಾಫ್‌ನಲ್ಲಿ ಕಾಣುತ್ತೆ. ಲೆಕ್ಕಕ್ಕೆ ಮೆಕ್ಯಾನಿಕಲ್‌ನವರು, ಸಾಫ್ಟ್‌ವೇರ್‌ಗೆ ಸಿಎಸ್‌ನವರು, ತೂಗುಗುಂಡು ಹಿಡಿಯೋಕೆ ಸಿವಿಲ್‌ನವರು ಬನ್ನಿ. ಅನುಮತಿ ಪತ್ರವನ್ನು ಕನ್ನಡ ಸಂಘವೇ ಬರೆಯುತ್ತೆ.