ಪಾನತ್ಯಾಗಿಗಳ ಸಭೆಯೂ ನಮ್ಮ ಮನೆತನಗಳ ಮರ್ಯಾದೆಯೂ

ಮದ್ಯಪಾನವೆಂಬುದು ಬಡವರ ಕೇರಿಯ ವ್ಯಾಧಿಯೆಂದೂ ವಿದ್ಯಾವಂತರ ಮನೆಗಳಿಗೆ ಸಂಬಂಧಪಟ್ಟುದಲ್ಲವೆಂದೂ ನಂಬಿರುವ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ನಂಬಿರುವರೆನ್ನುವುದಕ್ಕಿಂತ ನಂಬಿದವರಂತೆ ನಟಿಸುವರೆಂದರೆ ಸರಿಯಾದೀತು. 2007ನೆಯ ಇಸವಿ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವನ್ನು ನಿಷೇಧಿಸಿದರಷ್ಟೆ. ಅಂದು ನಿಂತುದು ಕೂಲಿಯವನ ಪೊಟ್ಟಣವೇ ಹೊರತು ಅಧಿಕಾರಿಯ ಸೀಸೆಯಲ್ಲ. ಆ ಸೀಸೆಯು ಇಂದಿಗೂ ಪುಸ್ತಕದ ಬೀರುವಿನಲ್ಲಿ ಮಹಾಕಾವ್ಯಗಳ ಹಿಂದೆ ಸುಖವಾಗಿ ಕುಳಿತಿದೆ. ಮನೆಯವರೆಲ್ಲರೂ ಬಲ್ಲರು; ಯಾರೂ ಆಡರು.

ಆಡದೆ ಮಾಡುವ ಚಿಕಿತ್ಸೆಗಳಾದರೂ ಎಂಥವು! ಮೊದಲು ದೇವರ ಮುಂದೆ ಆಣೆ ಮಾಡಿಸುವುದು. ಅದು ಮುರಿದರೆ ಅನ್ನದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯನ್ನು ಜಾಹೀರಾತು ನೋಡಿ ತರಿಸುವುದು. ಅದೂ ಫಲಿಸದಿದ್ದರೆ ಮದುವೆ ಮಾಡುವುದು. ಈ ಮೂರನೆಯದರಷ್ಟು ಕ್ರೂರವಾದುದು ಮತ್ತೊಂದಿಲ್ಲ. ತಾಯಿತಂದೆಗಳು ಹತ್ತು ವರ್ಷ ಹೆಣಗಿಯೂ ಮಾಡಲಾರದುದನ್ನು ಇಪ್ಪತ್ತೆರಡರ ಹುಡುಗಿಯೊಬ್ಬಳು ಅರಿಸಿನದ ಕೈಯಿಂದ ಮಾಡಿಬಿಡಬೇಕಂತೆ! ಮಾಡದಿದ್ದರೆ ಅವಳ ಕಾಲ್ಗುಣವನ್ನು ದೂರುವುದಕ್ಕೆ ನಾಲಗೆಗಳು ಸಿದ್ಧವಾಗಿಯೇ ಇವೆ. ವರನ ಸಂಬಳವನ್ನೂ ಗೋತ್ರವನ್ನೂ ವಿವರವಾಗಿ ಹೇಳಿ ಈ ಒಂದನ್ನು ಮಾತ್ರ ಮುಚ್ಚಿಟ್ಟವರು ಮರ್ಯಾದಸ್ಥರೆನ್ನಿಸಿಕೊಳ್ಳುವುದನ್ನು ನಾವು ಒಪ್ಪೆವು.

ಇಷ್ಟಕ್ಕೆಲ್ಲ ಹೇಸದವರು, ಕುಡಿತ ಬಿಟ್ಟವರ ಸಭೆಯೊಂದುಂಟು, ಅಲ್ಲಿಗೆ ಕರೆದೊಯ್ಯಿರೆಂದರೆ ಮಾತ್ರ ಮುಖ ಮುರಿಯುತ್ತಾರೆ. "ಅಂಥವರ ನಡುವೆ ನಮ್ಮ ಹುಡುಗನೆ?"

ಆ ಸಭೆಯ ಬಗೆಯನ್ನು ಕೇಳಿರಿ. 1935ರಲ್ಲಿ ಅಮೆರಿಕದ ಒಹಾಯೋ ಪ್ರಾಂತದ ಆಕ್ರನ್ ನಗರಕ್ಕೆ ಬಂದಿದ್ದ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ದಳ್ಳಾಳಿಯು, ಕೈಗೊಂಡ ವ್ಯವಹಾರ ಕೆಟ್ಟು ಮತ್ತೆ ಕುಡಿಯುವ ಆಸೆ ಕೆರಳಿದಾಗ, ತನ್ನಂತೆಯೇ ನರಳುವ ಮತ್ತೊಬ್ಬನನ್ನು ಆ ಅಪರಿಚಿತ ಊರಿನಲ್ಲಿ ದೂರವಾಣಿಯ ಮೂಲಕ ಅರಸಿದನು. ಸಿಕ್ಕಿದವನು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಇಬ್ಬರೂ ವಿದ್ಯಾವಂತರೇ ಎಂಬುದನ್ನು ವಾಚಕರು ಗಮನಿಸಬೇಕು. ಅವರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಅನಾಮಿಕರ ಕೂಟವು ಇಂದು ಬೆಂಗಳೂರು ಮಂಗಳೂರುಗಳಲ್ಲಿಯೂ ಸೇರುತ್ತದೆ. ಪ್ರವೇಶಕ್ಕೆ ಬೇಕಾದುದು ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ. ಶುಲ್ಕವಿಲ್ಲ; ಮನೆತನದ ಹೆಸರನ್ನು ಕೇಳುವವರಿಲ್ಲ; ಅಲ್ಲಿ ಕೇಳಿದುದನ್ನು ಹೊರಗೆ ಆಡಬಾರದೆಂಬುದು ಅವರ ನಿಯಮ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಹಿಂದಿರುಗಿದವರಿಗೂ ನವಜೀವನ ಸಮಿತಿಗಳುಂಟು. ಮರ್ಯಾದೆಗೆ ಅಂಜುವವನು, ನೆಂಟರ ಮದುವೆಯ ಚಪ್ಪರದಲ್ಲಿ ತೂರಾಡುವುದಕ್ಕಿಂತ ಇಂಥ ಕೊಠಡಿಯಲ್ಲಿ ಕುಳಿತಿರುವುದು ಮೇಲಲ್ಲವೆ?

ಇನ್ನು ನಮ್ಮ ಪಂಡಿತಮಿತ್ರರ ಆಕ್ಷೇಪ. ಸ್ಮೃತಿಯು ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿ, ಅಂಥವರ ಸಂಸರ್ಗವನ್ನೇ ಐದನೆಯ ಪಾತಕವೆಂದಿದೆಯಲ್ಲ, ಕುಡುಕರ ಕೂಟಕ್ಕೆ ಕಳುಹಿಸುವುದು ಹೇಗೆ? ಅಯ್ಯಾ, ಸಂಸರ್ಗಕ್ಕೆ ಅಷ್ಟು ಬಲವುಂಟೆಂದು ಶಾಸ್ತ್ರವೇ ಒಪ್ಪಿದ ಮೇಲೆ, ಬಿಟ್ಟವರ ಸಂಸರ್ಗಕ್ಕೆ ಮಾತ್ರ ಬಲವಿಲ್ಲವೆಂಬುದು ಯಾವ ನ್ಯಾಯ? ಅದೇ ಮನುಸ್ಮೃತಿಯು ಕುದಿಯುವ ಸುರೆಯನ್ನು ಕುಡಿದು ದೇಹವನ್ನು ದಹಿಸಿಕೊಳ್ಳುವ ಪ್ರಾಯಶ್ಚಿತ್ತವನ್ನೂ ಹೇಳಿದೆ. ಅದನ್ನು ವಿಧಿಸುವ ಧೈರ್ಯ ನಿಮಗಿಲ್ಲ, ಇರಲೂ ಬಾರದು. ಕೂಟದವರು ಕೇಳುವುದು ಇದೊಂದು ದಿನ ಕುಡಿಯದಿರೆಂದು. ಅಲ್ಲಿ ದೇವರ ಮಾತು ಬರುವುದು ನಿಜ. ಆದರೆ ಅವನವನು ತಿಳಿದಂತೆ ಅವನವನ ದೇವರು. ನಿರೀಶ್ವರ ಸಾಂಖ್ಯರಿಗೂ ಮಣೆ ಹಾಕಿದ ನಮಗೆ ಇದು ಕಷ್ಟವೆ?

ಮಾತಿನಿಂದ ರೋಗ ವಾಸಿಯಾದೀತೆ ಎಂದು ನಗುವವರಿಗೂ ಉತ್ತರವಿದೆ. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ರೋಗಿಯನ್ನು ಈ ಸಭೆಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯು ಸಂಪೂರ್ಣ ಪಾನತ್ಯಾಗದ ವಿಷಯದಲ್ಲಿ ಇತರ ಮಾನ್ಯ ಚಿಕಿತ್ಸೆಗಳಿಗಿಂತ ಮೇಲಾಗಿಯೇ ಕಂಡುಬಂದಿತು. ವೈದ್ಯನನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಬಹುಕಾಲ ನಿತ್ಯವೂ ಮಿತಿಮೀರಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವೂ ಸನ್ನಿಯೂ ಬಂದು ಪ್ರಾಣಕ್ಕೇ ಮುಳುವಾಗಬಹುದು. ಆದ್ದರಿಂದ ಮೊದಲು ಆಸ್ಪತ್ರೆ, ಆಮೇಲೆ ಸಭೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗವೇ ಇದೆ. 14446 ಎಂಬ ಸರ್ಕಾರದ ಸಹಾಯವಾಣಿಗೆ ಹಣ ಕೊಡಬೇಕಾದುದಿಲ್ಲ.

ಸಭೆಯ ಸ್ಥಳವನ್ನೂ ವೇಳೆಯನ್ನೂ ಮನೋವೈದ್ಯರನ್ನೊ ಕೂಟದವರನ್ನೊ ಕೇಳಿ ತಿಳಿಯುವ ಕೆಲಸವು ಮನೆಯವರದು. ನಡುಗುವ ಕೈಯವನು ಅದನ್ನು ಮಾಡಲಾರನು. ಕೆಲವು ಸಭೆಗಳು ಕುಡಿತದವರಿಗೆ ಮಾತ್ರ, ಕೆಲವಕ್ಕೆ ಯಾರಾದರೂ ಹೋಗಬಹುದು. ಎರಡನೆಯ ಬಗೆಯದಕ್ಕೆ ಜೊತೆಯಲ್ಲಿ ಹೋಗಿರಿ. ಒಂದು ಗುಂಪು ರುಚಿಸದಿದ್ದರೆ ಇನ್ನೊಂದಿದೆ. ಮನೆಯ ಹೆಂಗಸರ ದುಃಖವೂ ಬೇರೆಯೇ ಚಿಕಿತ್ಸೆಯನ್ನು ಬೇಡುತ್ತದೆ. 1951ರಲ್ಲಿ ವಿಲ್ಸನ್ನನ ಪತ್ನಿ ಲೋಯಿಸಳು ಕೂಡಿ ಕಟ್ಟಿದ ಆಲ್-ಅನಾನ್ ಎಂಬ ಕೂಟವು ಅವರಿಗಾಗಿಯೇ ಇದೆ.

ಕೊನೆಗೆ ನಮ್ಮ ಸಂಘದ ಮಾತು. ನಮ್ಮ ವಾಚನಾಲಯದ ಹಿಂದಿನ ಕೊಠಡಿಯು ಕವಿಗೋಷ್ಠಿಯ ದಿನ ಬಿಟ್ಟರೆ ಬೀಗದಲ್ಲಿಯೇ ಇರುತ್ತದೆ. ವಾರಕ್ಕೊಂದು ಸಂಜೆ ಅದನ್ನು ಈ ಕೂಟಕ್ಕೆ ಕೊಡಬೇಕೆಂದು ನಾವು ಕಾರ್ಯಕಾರಿ ಮಂಡಲಿಯನ್ನು ಕೇಳುತ್ತೇವೆ. ಧರ್ಮಾರ್ಥವಾಗಿ ಬೇಡ, ಹೊರಗಿನವರಿಂದ ದಾನ ಪಡೆಯುವುದು ಅವರ ಸಂಪ್ರದಾಯವಲ್ಲ, ತಮ್ಮೊಳಗೇ ಚಂದಾ ಎತ್ತಿ ಬಾಡಿಗೆ ಕೊಡುತ್ತಾರೆ. ಆಕ್ಷೇಪವುಳ್ಳ ಸದಸ್ಯರು ಮುಂದಿನ ಸಂಚಿಕೆಯಲ್ಲಿ ತಮ್ಮ ಹೆಸರು ಹಾಕಿ ಬರೆಯಲಿ.